ವಾಚ್‌ಮನ್ ಇರುವ ಬಾಡಿಗೆ ಮನೆ

ಮನೆ ಬದಲಾಯಿಸುವವರು ಊರಿಗೆಲ್ಲ ಹೇಳುವ ಕಾರಣವೇ ಬೇರೆ, ನಿಜವಾದ ಕಾರಣವೇ ಬೇರೆ. ನೀರು ಸರಿಯಾಗಿ ಬರುವುದಿಲ್ಲ, ಗೋಡೆ ತೇವ, ಪಕ್ಕದ ಮನೆಯವರು ಸರಿಯಿಲ್ಲ ಎಂದೆಲ್ಲ ಹೇಳಿಕೊಳ್ಳುತ್ತೇವೆ. ಕೆ.ಆರ್.ಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿದ್ದ ಹೆಂಚಿನ ಮನೆ ಬಿಟ್ಟಾಗ ನಾನು ಹೇಳಿದ್ದು ಇಲಿ ಕಾಟ ಅಂತ. ಇಲಿಗಳು ಇದ್ದದ್ದು ನಿಜವೇ. ಆದರೆ ಪಾಪ, ಅವು ತಮ್ಮ ಪಾಡಿಗೆ ತಾವು ಅಟ್ಟದ ಮೇಲಿದ್ದವು. ಮಧ್ಯಾಹ್ನ ಎಬ್ಬಿಸಿ ಕಾಫಿ ಕೇಳುತ್ತಿರಲಿಲ್ಲ. ನಾನು ಓಡಿಹೋದದ್ದು ನೆಂಟರಿಂದ. ಈ ಮಾತನ್ನು ನನ್ನ ಹೆಂಡತಿ ಸಾವಿತ್ರಿಗೂ ನಾನಾಗಿ ಹೇಳಿರಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು ಅನ್ನುವುದು ಬೇರೆ ವಿಷಯ.

ನನ್ನದು ಶೀಳನೆರೆಯಿಂದ ಒಳಗೆ ಆರು ಮೈಲಿ ದೂರದ ಹಳ್ಳಿ. ಪೇಟೆಯ ಜೂನಿಯರ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಹಳ್ಳಿಯವರಿಗೆ ತಾಲ್ಲೂಕು ಆಫೀಸು, ಆಸ್ಪತ್ರೆ, ಕೋರ್ಟು, ಗೊಬ್ಬರದ ಅಂಗಡಿ ಎಲ್ಲ ಪೇಟೆಯಲ್ಲೇ. ಬಸ್ಸಿನಿಂದ ಇಳಿದರೆ ನಮ್ಮ ಮನೆ. ಕೆಲಸ ಮುಗಿದು ಬಸ್ಸು ತಪ್ಪಿದರೂ ನಮ್ಮ ಮನೆ. ಬಸ್ಸು ಸಿಕ್ಕಿದರೂ ಸೀಟು ಸಿಗಲಿಲ್ಲವೆಂದು ಇಳಿದು ವಾಪಸು ಬಂದವರಿದ್ದಾರೆ. ನಮ್ಮ ಚಿಕ್ಕಪ್ಪ ಒಮ್ಮೆ ಟ್ರಾಕ್ಟರಿನ ಗೇರ್ ಬಾಕ್ಸನ್ನು ಜಗಲಿಯ ಮೇಲಿಟ್ಟು, "ನಾಳೆ ರಿಪೇರಿಗೆ ತಗೊಂಡೋಯ್ತೀನಿ, ನೋಡ್ಕಳ್ಲಾ" ಅಂತ ಹೋದವರು, ಯುಗಾದಿ ಕಳೆದ ಮೇಲೆ ಬಂದರು. ಅಷ್ಟರಲ್ಲಿ ಅದರ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುವುದು ನಮಗೆಲ್ಲ ಅಭ್ಯಾಸವಾಗಿ, ಅದು ಹೋದ ಮೇಲೆ ಒಂದು ವಾರ ಬೇಜಾರಾಗಿತ್ತು. ಸಾವಿತ್ರಿ ನಾಗಮಂಗಲದವಳು, ತುಂಬಿದ ಮನೆಯಲ್ಲಿ ಬೆಳೆದವಳು. ಯಾರು ಬಂದರೂ ಮುದ್ದೆಯ ಎಸರಿಗೆ ಇನ್ನೊಂದು ಬೊಗಸೆ ಹಿಟ್ಟು ಸುರಿಯುತ್ತಿದ್ದಳೇ ಹೊರತು ಮುಖ ಗಂಟಿಕ್ಕಿದ್ದನ್ನು ನಾನು ನೋಡಿಲ್ಲ. ಗಂಟಿಕ್ಕುತ್ತಿದ್ದವನು ನಾನು. ನನಗೆ ಬೀಡಿ ಸಿಗರೇಟಿಲ್ಲ, ಇಸ್ಪೀಟಿಲ್ಲ. ಇರುವುದೊಂದೇ ಚಟ, ಭಾನುವಾರ ಮಧ್ಯಾಹ್ನದ ನಿದ್ದೆ. ಊಟ ಮಾಡಿ, ಚಾಪೆ ಹಾಸಿ, ಕಣ್ಣು ಇನ್ನೇನು ಮುಚ್ಚಿಕೊಳ್ಳಬೇಕು, ಆಗ ಹೊಸಿಲಿನಲ್ಲಿ ದನಿ ಕೇಳುತ್ತಿತ್ತು: "ಮೇಷ್ಟ್ರು ಅವ್ರಾ?"

ಅದೇ ಹೊತ್ತಿಗೆ ಬೊಂಬಾಯಿಯಲ್ಲಿ ಕಂಟ್ರಾಕ್ಟು ಮಾಡಿ ಬಂದಿದ್ದ ನಮ್ಮ ಕಡೆಯವರೊಬ್ಬರು ಪೇಟೆಯಲ್ಲಿ ಮೂರು ಮಹಡಿಯ ಕಟ್ಟಡ ಎಬ್ಬಿಸಿದರು. ಮಹಡಿಗೆ ಎರಡು ಮನೆ, ಕೆಳಗೆ ಕಬ್ಬಿಣದ ಗೇಟು, ಲಿಫ್ಟಿಗೆಂದು ಬಿಟ್ಟ ಒಂದು ಉದ್ದನೆಯ ಕತ್ತಲೆ ಗೂಡು. ಲಿಫ್ಟು ಕೊನೆಗೂ ಬರಲಿಲ್ಲ, ಪಾರಿವಾಳ ಬಂದವು. ಬೊಂಬಾಯಿಯ ನೆನಪಿಗೆ ಕಟ್ಟಡಕ್ಕೆ 'ಸೀ ವ್ಯೂ' ಎಂದು ಹೆಸರಿಟ್ಟರು. ಮೂರನೆಯ ಮಹಡಿಯಿಂದ ಕಾಣುತ್ತಿದ್ದುದು ಕೆರೆ ಮತ್ತು ಅದರಲ್ಲಿ ಮುಳುಗಿ ಮಲಗಿದ ಎಮ್ಮೆಗಳು. ಜನರ ಬಾಯಲ್ಲಿ ಸೀ ವ್ಯೂ ಹೋಗಿ ವಾರದೊಳಗೆ 'ಶಿವಯ್ಯನ ಬಿಲ್ಡಿಂಗು' ಆಯಿತು. ಪೋಸ್ಟಿನವನು ಕೂಡ ಶಿವಯ್ಯನವರು ಯಾವ ಮಹಡಿಯಲ್ಲಿದ್ದಾರೆ ಅಂತ ಕೇಳಿಕೊಂಡು ಬರುತ್ತಿದ್ದ. ಇರಲಿ. ನನ್ನ ಮನಸ್ಸು ಸೆಳೆದದ್ದು ಹೆಸರೂ ಅಲ್ಲ, ಕೆರೆಯೂ ಅಲ್ಲ. ಮನೆ ತೋರಿಸುತ್ತಾ ಮಾಲೀಕರು ಹೇಳಿದ ಒಂದು ಮಾತು. "ಬೊಂಬಾಯಿ ಸಿಸ್ಟಮ್ಮು ಮೇಷ್ಟ್ರೇ. ಗೇಟಲ್ಲಿ ವಾಚ್‌ಮನ್ ಇರ್ತಾನೆ. ಅವ್ನ ಕೇಳದೆ ಒಂದು ನೊಣಾನೂ ಒಳಕ್ಕೆ ಬರಂಗಿಲ್ಲ." ನಾನು ಅಡಿಗೆ ಮನೆ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ಮೂರನೆಯ ಮಹಡಿಯ ಮನೆಗೆ ಅಲ್ಲೇ ಒಪ್ಪಿಕೊಂಡುಬಿಟ್ಟೆ.

ವಾಚ್‌ಮನ್ ಅಂದರೆ ಬಾಗಿಲು ತೆಗೆದು ಸಲ್ಯೂಟ್ ಹೊಡೆಯುವವನು ಅಂತ ನನ್ನ ಕಲ್ಪನೆ. ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು ಹೊಸಹೊಳಲಿನ ಜವರಣ್ಣ. ಅರವತ್ತು ದಾಟಿದ ಆಳು, ಬಿಳಿ ಮೀಸೆ, ಕಿವಿಯಲ್ಲಿ ಚಿನ್ನದ ಒಂಟಿ. ಹೊಲ ಮಕ್ಕಳಿಗೆ ಬಿಟ್ಟುಕೊಟ್ಟು, ಸುಮ್ಮನೆ ಕೂರಲಾರದೆ ದಿನಾ ಸೈಕಲ್ ತುಳಿದು ಈ ಕೆಲಸಕ್ಕೆ ಬರುತ್ತಿದ್ದರು. ಮೇಲೆ ಖಾಕಿ ಅಂಗಿ, ಕೆಳಗೆ ಪಂಚೆ; ಖಾಕಿ ಪ್ಯಾಂಟು ಹಾಕಿಕೊಂಡರೆ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲವೆಂದು ಅದನ್ನು ಮಗನಿಗೆ ಕೊಟ್ಟುಬಿಟ್ಟಿದ್ದರು. ಅವರು ನಮಗೆ ಸಲ್ಯೂಟ್ ಹೊಡೆಯುವ ಮಾತು ಹಾಗಿರಲಿ, ಅವರು ಎದುರಾದರೆ ಆರೂ ಮನೆಯ ಗಂಡಸರು ಕೈಯಲ್ಲಿದ್ದ ಸಿಗರೇಟನ್ನು ಹಿಂದಕ್ಕೆ ಮುಚ್ಚಿಡುತ್ತಿದ್ದರು. ಬಂದವರ ಹೆಸರು ಬರೆಸಲು ಒಂದು ದಪ್ಪ ರಿಜಿಸ್ಟರಿತ್ತು. ಹೆಸರು, ಊರು, ಯಾರ ಮನೆಗೆ, ಯಾಕೆ. 'ಯಾಕೆ' ಅನ್ನುವ ಕಡೆ ನಮ್ಮ ಜನರೆಲ್ಲ 'ಸುಮ್ನೆ' ಎಂದು ಬರೆದಿದ್ದರು. ಪುಟಗಟ್ಟಲೆ ಸುಮ್ನೆ, ಸುಮ್ನೆ, ಸುಮ್ನೆ. ಬರೆಯಲು ಬಾರದವರಿಗೆ ಹೆಬ್ಬೆಟ್ಟು ಒತ್ತಲು ನೀಲಿ ಮಸಿಯ ಡಬ್ಬಿ. ಅದನ್ನು ನೋಡಿಯೇ ನಮ್ಮ ದೊಡ್ಡಪ್ಪನವರು ಗೇಟಿನಿಂದ ವಾಪಸು ಹೋದರು. "ಕಾಫಿ ಕುಡಿಯಕ್ಕೆ ಹೆಬ್ಬೆಟ್ಟು ಯಾಕ್ಲಾ? ಇರೋ ಎರಡೆಕರೆ ಗದ್ದೆಯ ನಾನು ಯಾರ್ಗೂ ಬರ್ಕೊಡಾಕಿಲ್ಲ" ಎಂದು ಊರಲ್ಲೆಲ್ಲ ಹೇಳಿದರಂತೆ. ನನಗೆ ಒಳಗೊಳಗೇ ಖುಷಿ. ಬೊಂಬಾಯಿ ಸಿಸ್ಟಮ್ಮು ಕೆಲಸ ಮಾಡುತ್ತಿದೆ ಅಂದುಕೊಂಡೆ.

ಆದರೂ ಓದು ಬರಹ ಬಲ್ಲ ನೆಂಟರು ಬರುತ್ತಲೇ ಇದ್ದರು. ಒಂದು ದಿನ ಧೈರ್ಯ ಮಾಡಿ ಜವರಣ್ಣನ ಹತ್ತಿರ ಹೋದೆ.

"ಜವರಣ್ಣ, ಭಾನುವಾರ ಊಟ ಆದ ಮೇಲೆ ಯಾರಾದರೂ ನನ್ನ ಕೇಳಿಕೊಂಡು ಬಂದರೆ, ಮೇಷ್ಟ್ರು ಇಲ್ಲ ಅಂದುಬಿಡಿ."

"ನೀವು ಇರ್ತೀರಲ್ಲ?"

"ಇರ್ತೀನಿ. ಇಲ್ಲ ಅನ್ನಿ."

ಜವರಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸುಳ್ಳು ಯೋಳಿ ನಂಗೆ ಅಭ್ಯಾಸ ಇಲ್ಲ ಕಣ್ ಮೇಷ್ಟ್ರೇ."

"ಸುಳ್ಳಲ್ಲ ಜವರಣ್ಣ. ನಿದ್ದೆ ಹೋದವನು ಇದ್ದೂ ಇಲ್ಲದ ಹಾಗೇ ಅಲ್ಲವಾ?" ಎಂದು, ಕ್ಲಾಸಿನಲ್ಲಿ ವಚನಗಳಿಗೆ ಅರ್ಥ ಹೇಳುವ ದನಿಯಲ್ಲಿ ವಿವರಿಸಿದೆ.

ಅವರು ರಿಜಿಸ್ಟರು ಮುಚ್ಚಿಟ್ಟರು. "ಸರಿ ಬುಡಿ. ನೀವು ಏನು ಯೋಳಿದ್ರೋ ಅದ್ನೇ ಯೋಳ್ತೀನಿ. ನನ್ನ ಕಡೆಯಿಂದ ಒಂದು ಮಾತು ಸೇರ್ಸಾಕೂ ಇಲ್ಲ, ತೆಗ್ಯಾಕೂ ಇಲ್ಲ."

ಇಪ್ಪತ್ತು ವರ್ಷ ವ್ಯಾಕರಣ ಪಾಠ ಮಾಡಿದವನು ನಾನು. ಆ ವಾಕ್ಯವನ್ನು ಇನ್ನೊಂದು ಸಲ ಬಿಡಿಸಿ ನೋಡಬೇಕಿತ್ತು. ನೋಡಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಹೋದೆ.

ಆಮೇಲಿನ ಭಾನುವಾರಗಳನ್ನು ಏನು ಹೇಳಲಿ! ಎರಡು ತಿಂಗಳು ಒಂದು ಜೀವವೂ ಬಾಗಿಲು ತಟ್ಟಲಿಲ್ಲ. ಮೊದಮೊದಲು ಭಾನುವಾರಕ್ಕೆ ಸೀಮಿತವಾಗಿದ್ದ ಶಾಂತಿ ನಿಧಾನಕ್ಕೆ ಬುಧವಾರಕ್ಕೂ ಶುಕ್ರವಾರಕ್ಕೂ ಹಬ್ಬಿತು. ಚಿಕ್ಕಪ್ಪ ಇಲ್ಲ, ಗೇರ್ ಬಾಕ್ಸಿಲ್ಲ. ಸಾವಿತ್ರಿ ಸಂಜೆ ಹೊತ್ತು ಬಾಲ್ಕನಿಯಲ್ಲಿ ನಿಂತು ಬಸ್ ಸ್ಟ್ಯಾಂಡಿನ ಕಡೆ ನೋಡುತ್ತಾ, "ಊರಲ್ಲಿ ಎಲ್ಲ ಚೆನ್ನಾಗಿದ್ದಾರೆ ತಾನೆ? ಯಾಕೆ ಯಾರೂ ಬರ್ತಾ ಇಲ್ಲ?" ಎನ್ನುತ್ತಿದ್ದಳು. "ಕಬ್ಬು ಕಡಿಯೋ ಕಾಲ ಅಲ್ವಾ" ಅನ್ನುತ್ತಿದ್ದೆ. ಕಬ್ಬು ಕಡಿದು, ಆಲೆಮನೆ ಹೊಗೆ ನಿಂತು, ಕೂಳೆ ಚಿಗುರಿದರೂ ನಾನು ಅದೇ ಕಾರಣ ಹೇಳುತ್ತಿದ್ದೆ.

ಒಂದು ಭಾನುವಾರ ಸಾವಿತ್ರಿ ತವರಿಗೆ ಹೋಗಿದ್ದಳು. ನಾನು ಉಂಡು ಮಲಗಿದವನು ಐದು ಗಂಟೆಗೆ ಎದ್ದೆ; ಇಡೀ ಜನ್ಮದಲ್ಲಿ ಅಂಥ ನಿದ್ದೆ ಮಾಡಿರಲಿಲ್ಲ. ಸೋಮವಾರ ಬೆಳಿಗ್ಗೆ ನಾಗಮಂಗಲದ ಮೊದಲ ಬಸ್ಸಿಗೆ ಸಾವಿತ್ರಿ ಬಂದಳು. ಬ್ಯಾಗು ಇಡುತ್ತಾ, "ಗೇಟಿನಲ್ಲಿ ಜವರಣ್ಣ ಇಲ್ಲ, ಮಾಲೀಕರೇ ಕೂತಿದ್ದಾರಲ್ಲ, ಏನಾಯ್ತು?" ಅಂದಳು. ಕಾಲೇಜಿಗೆ ಹೊರಟು ಕೆಳಗೆ ಇಳಿದೆ. ನಿಜ, ಮಾಲೀಕರು ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು, ಕೊರಳಲ್ಲಿ ಸೀಟಿ. "ನಿನ್ನೆ ಮಧ್ಯಾಹ್ನದಿಂದ ಆಸಾಮಿ ಪತ್ತೆ ಇಲ್ಲ ಮೇಷ್ಟ್ರೇ. ಗೇಟು ಹಾರು ಹೊಡೆದಿತ್ತು" ಅಂದರು. ಗೇಟಿನ ಎದುರಿಗೆ ಹೂವು ಮಾರುವ ನಂಜಮ್ಮ ನನ್ನನ್ನು ನೋಡಿದ್ದೇ ಕೈ ಸನ್ನೆ ಮಾಡಿ ಕರೆದಳು.

"ನಿನ್ನೆ ನಿಮ್ಮನೆಗೆ ಅಂತ ಒಂದು ವಯಸ್ಸಾದ ಅವ್ವ ಬಂದಿತ್ತು ಕಣ್ ಮೇಷ್ಟ್ರೇ. ಕೆಂಪಗೆ, ಎತ್ತರಕ್ಕೆ. ಕಣ್ಣು ಮಂಜು. 'ನಮ್ ರಾಮು ಮನೆ ಇದೇಯೇನಪ್ಪ' ಅಂತು. ಜವರಣ್ಣ ಅಂದ, 'ಇದೇಯ ಕಣವ್ವ, ಮೂರ್ನೇ ಮಹಡಿ. ಮೇಷ್ಟ್ರು ಅವ್ರೆ, ಉಂಡು ಮಲಗವ್ರೆ. ಯಾರಾದ್ರೂ ಬಂದ್ರೆ ಇಲ್ಲ ಅನ್ನಿ ಅಂತ ಯೋಳವ್ರೆ.'"

"ಹೀಗೇ ಅಂದರಾ?"

"ಎಲ್ಲಾರ್ಗೂ ಅಂಗೇ ಅಲ್ವರಾ ಯೋಳೋದು? ಮೊನ್ನೆ ನಿಮ್ ಚಿಕ್ಕಪ್ಪಾರು ಬಂದಿದ್ರು. ಅವ್ರಿಗೂ ಅಂಗೇ ಅಂದ. ಪಾಪ ಅವ್ರು ನಗಾಡ್ಕೊಂಡು ಓದ್ರು."

ನನಗೆ ಕಿವಿ ಬಿಸಿಯಾಯಿತು. ಎರಡು ತಿಂಗಳಿಂದ ನನ್ನ ಬಂಧುಬಳಗವೆಲ್ಲ ನಗುತ್ತಾ ವಾಪಸು ಹೋಗಿತ್ತು. ನಾನು ಮೇಲೆ ಗೊರಕೆ ಹೊಡೆದಿದ್ದೆ. ಆದರೆ ಅದಕ್ಕಿಂತ ಹೆಚ್ಚಾಗಿ ಎದೆ ಹಿಡಿದದ್ದು ಆ ಕೆಂಪಗೆ, ಎತ್ತರಕ್ಕೆ ಅನ್ನುವ ಮಾತು. ಅವರು ನಮ್ಮ ಕೆಂಪಮ್ಮತ್ತೆ. ನಮ್ಮಪ್ಪನ ಅಕ್ಕ, ಶೀಳನೆರೆಯವರು. ಇಬ್ಬರು ಹೆಣ್ಣುಮಕ್ಕಳನ್ನು ದೂರದ ಊರುಗಳಿಗೆ ಕೊಟ್ಟು, ತಾವೇ ಎರಡು ಹಸು ಕಟ್ಟಿಕೊಂಡು ಬೇಸಾಯ ನೋಡಿಕೊಳ್ಳುತ್ತಿದ್ದ ಹೆಂಗಸು. ನಮ್ಮ ಹಳ್ಳಿಯಲ್ಲಿ ಹೈಸ್ಕೂಲಿಲ್ಲ ಅಂತ ಅಪ್ಪ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋಗಿ, "ಒಂದು ವಾರ ಇರ್ಲಿ ಅಕ್ಕ, ಆಮೇಲೆ ಬೇರೆ ಏನಾದ್ರೂ ನೋಡ್ತೀನಿ" ಅಂದು ಬಿಟ್ಟು ಬಂದಿದ್ದರು. ನಾನು ಆ ಮನೆಯಲ್ಲಿ ನಾಲ್ಕು ವರ್ಷ ಇದ್ದೆ. ಯಾವಾಗ ಹೋಗ್ತೀಯ ಅಂತ ಆ ಮನೆಯಲ್ಲಿ ಯಾರೂ ಒಂದು ಸಲವೂ ಕೇಳಲಿಲ್ಲ.

"ಆಮೇಲೆ ಎಲ್ಲಿ ಹೋದರು ನಂಜಮ್ಮ?"

"ಬೆಳಿಗ್ಗೆ ಆಸ್ಪತ್ರೆಲಿ ಕಣ್ಣಿನ ಆಪರೇಸನ್ನಂತೆ. ಏಳು ಗಂಟ್ಗೆಲ್ಲ ಇರ್ಬೇಕು ಅಂದಿದ್ರಂತೆ, ಅದ್ಕೆ ಒಂದಿನ ಮುಂಚೇನೇ ಬಂದಿತ್ತು. ಜವರಣ್ಣ ಅಂದ, 'ಓಗಿ ಬಾಗ್ಲು ತಟ್ಟಿ, ನಾ ತಡ್ಯಾಕಿಲ್ಲ' ಅಂತ. 'ಮಲಗಿದ್ರೆ ಮಲಗ್ಲಿ ಬುಡಪ್ಪ' ಅಂದ್ಬುಟ್ಟು ತಿರುಗ್ಕಂತು. ಚರಂಡಿ ದಾಟೋ ಕಲ್ಲು ಎಲ್ಲೈತೆ ಅಂತ ಕಾಲಲ್ಲಿ ತಡವ್ಕೊಂಡು ನಿಂತಿತ್ತು. ಜವರಣ್ಣ ನೋಡ್ದ, ನೋಡ್ದ, ತಡೀನಾರ್ದೆ ಎದ್ದ. ಚೀಲನ ಸೈಕಲ್ಗೆ ಕಟ್ಟಿ, ಕ್ಯಾರಿಯರ್ರ ಅವ್ವನ ಕೈಗೆ ಇಡಿಸಿ, ನಡೆಸ್ಕೊಂಡು ಒಸಳ್ಳಿಗೆ ಓದ. ಅವ್ನ ಮನೆಗೆ."

ನಂಜಮ್ಮ ಹೊಸಹೊಳಲನ್ನು ಒಸಳ್ಳಿ ಎನ್ನುತ್ತಿದ್ದಳು. ಆ ದಾರಿ ನನಗೆ ಗೊತ್ತು. ಸೈಕಲ್ಲಿನ ಕ್ಯಾರಿಯರ್ ಹಿಡಿದು, ಬಿಸಿಲಲ್ಲಿ, ಒಬ್ಬ ಗುರುತಿಲ್ಲದ ಮನುಷ್ಯನ ಹಿಂದೆ ಅತ್ತೆ ನಡೆದು ಹೋಗುತ್ತಿದ್ದಾಗ ನಾನು ಮೇಲೆ ಜನ್ಮದ ನಿದ್ದೆ ಮಾಡುತ್ತಿದ್ದೆ. ಕಾಲೇಜಿನ ಕಡೆ ಹೋಗಬೇಕಾದವನು ಆಸ್ಪತ್ರೆಗೆ ಓಡಿದೆ.

ಆಪರೇಷನ್ ಮುಗಿದಿತ್ತು. ಉದ್ದನೆಯ ವಾರ್ಡಿನಲ್ಲಿ ಸಾಲಾಗಿ ಒಂದೊಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಜ್ಜ ಅಜ್ಜಿಯರು ಅಲ್ಲಾಡದೆ ಮಲಗಿದ್ದರು. ಬಾಗಿಲ ಪಕ್ಕದ ಮಂಚದ ಹತ್ತಿರ ಖಾಕಿ ಅಂಗಿಯ ಜವರಣ್ಣ ಸ್ಟೂಲಿನ ಮೇಲೆ ಕೂತಿದ್ದರು. ಅವರನ್ನು ಆಸ್ಪತ್ರೆಯ ವಾಚ್‌ಮನ್ ಅಂತಲೇ ತಿಳಿದು ಬಂದವರೆಲ್ಲ ಅಪ್ಪಣೆ ಕೇಳಿಕೊಂಡು ಒಳಗೆ ಹೋಗುತ್ತಿದ್ದರು. ಅವರೂ ಗಂಭೀರವಾಗಿ, "ಜಾಸ್ತಿ ಮಾತಾಡಿಸ್ಬ್ಯಾಡಿ, ಓಗಿ" ಅಂತ ಬಿಡುತ್ತಿದ್ದರು. ನಾನು ಮಂಚದ ಪಕ್ಕ ನಿಂತೆ.

"ಯಾರದು?" ಅಂದರು ಅತ್ತೆ. ಪಟ್ಟಿ ಕಟ್ಟದ ಕಣ್ಣೂ ಅಷ್ಟೇ ಮಂಜು.

"ನಾನು ಅತ್ತೆ, ರಾಮು."

"ಬಂದ್ಯಾ ಮಗ? ನೀನು ಮನೇಲಿಲ್ಲ ಅಂದ್ರಲ್ಲ. ಯಾವಾಗ ಬಂದೆ?"

ಆ ದನಿಯಲ್ಲಿ ಕೊಂಕು ಇತ್ತೋ ಇಲ್ಲವೋ, ಈಗಲೂ ನನಗೆ ಗೊತ್ತಿಲ್ಲ. ಜವರಣ್ಣ ತಲೆ ಎತ್ತಿ ತಿರುಗದ ಫ್ಯಾನನ್ನು ನೋಡತೊಡಗಿದರು. ನನಗೆ ಅಲ್ಲಿಯವರೆಗೆ ಬಾಯಿಗೆ ಬಂದಿದ್ದ ಸಬೂಬುಗಳೆಲ್ಲ ಒಣಗಿಹೋದವು. "ಇದ್ದೆ ಅತ್ತೆ. ಮನೆಯಲ್ಲೇ ಇದ್ದೆ. ನಾನೇ ಹಾಗೆ ಹೇಳಿ ಅಂದಿದ್ದೆ" ಅಂದೆ.

"ಗೊತ್ತು ಬುಡ್ಲಾ, ಈ ಅಯ್ಯ ಎಲ್ಲ ಯೋಳ್ತು." ಅತ್ತೆ ತಡವಿ ನನ್ನ ಕೈ ಹಿಡಿದುಕೊಂಡರು. "ನಮ್ಮನೇಲಿದ್ದಾಗ್ಲೂ ನಿಂದು ಇದೇಯ. ಮಧ್ಯಾನ ಆಯ್ತು ಅಂದ್ರೆ ಪುಸ್ತಕ ಮಕದ ಮೇಲೆ ಕವ್ಚಾಕಂಡು ಮಲಗ್ತಿದ್ದೆ. ಬಂದವ್ರನ್ನೆಲ್ಲ ನಾನು ಜಗ್ಲಿ ಮೇಲೇ ಕುಂಡ್ರಿಸಿ, 'ಉಸ್, ನಮ್ ಉಡ್ಗ ಓದ್ತಾವ್ನೆ, ಸದ್ದು ಮಾಡ್ಬ್ಯಾಡಿ' ಅಂತಿದ್ದೆ."

"ನಾನು ಓದ್ತಿದ್ದೆ ಅಂತ ತಿಳ್ಕೊಂಡಿದ್ರಾ ಅತ್ತೆ?"

"ಓದೋರು ಗೊರಕೆ ಒಡೀತಾರೇನ್ಲಾ?" ಅಂದರು ಅತ್ತೆ. ಅಕ್ಕಪಕ್ಕದ ಮಂಚಗಳಲ್ಲಿ ಒಂಟಿಕಣ್ಣಿನ ಅಜ್ಜ ಅಜ್ಜಿಯರು ಅಲ್ಲಾಡಬಾರದು ಅನ್ನುವುದನ್ನೂ ಮರೆತು ನಕ್ಕರು. ನಾನೂ ನಕ್ಕೆ. ಆಮೇಲೆ ಕಾರಿಡಾರಿಗೆ ಹೋಗಿ ಕಣ್ಣು ಒರೆಸಿಕೊಂಡೆ. ಜವರಣ್ಣ ಹಿಂದೆಯೇ ಬಂದರು. ಅವರ ಮೇಲೆ ಕೋಪ ಮಾಡಿಕೊಳ್ಳೋಣ ಅಂತ ಇತ್ತು. "ಏನೂ ಸೇರ್ಸಿಲ್ಲ ಮೇಷ್ಟ್ರೇ. ನೀವು ಯೋಳಿದ್ದೇಯ" ಅಂದರು ಅವರೇ. "ಗೊತ್ತು ಜವರಣ್ಣ" ಅಂದೆ.

ಮೂರು ದಿನ ಬಿಟ್ಟು ಅತ್ತೆಯನ್ನು ಕಳಿಸಿದರು. ಆಟೋ ತಂದು ನಿಲ್ಲಿಸಿದೆ. ಅತ್ತೆ ಸಮಾಧಾನವಾಗಿ, "ನಾನು ಒಸಳ್ಳಿಗೇ ಓಯ್ತೀನಿ ಮಗ. ನಿಮ್ಮನೆಗೆ ಮೂರು ಮಹಡಿ ಮೆಟ್ಲು. ಇವ್ರ ಮನೇಲಿ ಮೆಟ್ಲೇ ಇಲ್ಲ" ಅಂದರು. ಡಾಕ್ಟರೂ ಮೆಟ್ಟಿಲು ಬೇಡ ಅಂದಿದ್ದರು, ಆದ್ದರಿಂದ ನಾನು ಬೇಜಾರು ಮಾಡಿಕೊಳ್ಳಲೂ ದಾರಿಯಿರಲಿಲ್ಲ. ಸಾವಿತ್ರಿ ಎರಡು ಸೀರೆ ಮಡಿಚಿ ಚೀಲಕ್ಕೆ ಹಾಕಿಕೊಂಡಳು. "ನಾನೂ ಹೋಗಿ ಇದ್ದು ಬರ್ತೀನಿ. ಡಬ್ಬೀಲಿ ಅವಲಕ್ಕಿ ಇದೆ. ಯಾರಾದ್ರೂ ಬಂದ್ರೆ ಬಾಗ್ಲು ತೆಗೀರಿ" ಅಂದಳು. ಅಷ್ಟೇ. ಎರಡು ತಿಂಗಳ ನನ್ನ ಕಬ್ಬಿನ ಕಥೆಗೆ ಅವಳು ಆಡಿದ್ದು ಅದೊಂದೇ ಮಾತು.

ಆ ಭಾನುವಾರ ಮನೆಯಲ್ಲಿ ನಾನೊಬ್ಬನೇ. ಅವಲಕ್ಕಿ ತಿಂದು ಚಾಪೆ ಹಾಸಿದೆ. ಕಿಟಕಿ ಹಾಕಿದೆ, ತೆಗೆದೆ. ಬಲಕ್ಕೆ ಹೊರಳಿದೆ, ಎಡಕ್ಕೆ ಹೊರಳಿದೆ. ಲಿಫ್ಟಿನ ಗೂಡಿನಲ್ಲಿ ಪಾರಿವಾಳಗಳು ಗುಟುರು ಹಾಕುವುದು ಬಿಟ್ಟರೆ ಬೇರೆ ಸದ್ದಿಲ್ಲ. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಎದ್ದು ಅಂಗಿ ಹಾಕಿಕೊಂಡು ಹೊಸಹೊಳಲಿಗೆ ನಡೆದೇ ಹೋದೆ. ಜವರಣ್ಣನ ಮನೆಯ ಜಗಲಿ ತುಂಬ ಜನ. ಅತ್ತೆ ಗೋಡೆಗೆ ಒರಗಿ ಶೀಳನೆರೆಯ ಹಳೆಯ ಸುದ್ದಿ ಹೇಳುತ್ತಿದ್ದರು, ಸಾವಿತ್ರಿ ಜವರಣ್ಣನ ಹೆಂಡತಿಯ ಜೊತೆ ಅವರೆಕಾಯಿ ಸುಲಿಯುತ್ತಿದ್ದಳು. ಯಾರೋ ಒಬ್ಬರು ನನಗೆ ಸರಿದು ಜಾಗ ಮಾಡಿದರು. ಆ ಗದ್ದಲದ ನಡುವೆ ಕಂಬಕ್ಕೆ ಒರಗಿ ಕೂತದ್ದು ನೆನಪಿದೆ. ಎಚ್ಚರವಾದಾಗ ದೀಪ ಹಚ್ಚಿದ್ದರು, ತಲೆಯ ಕೆಳಗೆ ಯಾರೋ ಒಂದು ದಿಂಬು ಇಟ್ಟಿದ್ದರು.

ಮರುದಿನ ಗೇಟಿನಲ್ಲಿ ಜವರಣ್ಣನಿಗೆ ಹೇಳಿದೆ, "ಇನ್ನು ಮೇಲೆ ಯಾರು ಬಂದರೂ ಸುಮ್ಮನೆ ಮೇಲೆ ಕಳಿಸಿ." ಅವರು, "ಮಲಗಿದ್ರೂವಾ?" ಅಂದರು. "ಮಲಗಿದ್ರೂ" ಅಂದೆ. ಮಾಲೀಕರು ಗೇಟು ಬಿಟ್ಟು ಹೋದ ತಪ್ಪಿಗೆ ಅವರನ್ನು ತೆಗೆದುಹಾಕುವ ಮಾತಾಡಿದಾಗ ಆರೂ ಮನೆಯವರು ಹೋಗಿ ಜಗಳ ಆಡಿದೆವು. ಜಗಳದಲ್ಲಿ ನನ್ನ ದನಿಯೇ ಜೋರಿತ್ತು ಅಂತ ನಂಜಮ್ಮ ಹೇಳುತ್ತಾಳೆ. ಚಿಕ್ಕಪ್ಪ ಮುಂದಿನ ವಾರವೇ ಬಂದರು. ನನ್ನನ್ನು ನೋಡಿ, "ಏನ್ಲಾ, ಇದ್ದೀಯಾ ಇಲ್ವಾ?" ಅಂತ ಬಾಗಿಲಲ್ಲೇ ನಿಂತು ಕೇಳಿದರು. ಇದೊಂದನ್ನು ಅವರು ಇನ್ನೂ ಬಿಟ್ಟಿಲ್ಲ.

ಒಂದೂವರೆ ತಿಂಗಳಾದ ಮೇಲೆ ಅತ್ತೆಗೆ ದಪ್ಪ ಗಾಜಿನ ಕನ್ನಡಕ ಕೊಟ್ಟರು. ಅದೇ ದಿನ ಅವರು ಮೊದಲ ಸಲ ನಮ್ಮ ಮನೆಗೆ ಬಂದರು. ಜವರಣ್ಣ ಚೀಲ ಹಿಡಿದು ಮುಂದೆ, ಅತ್ತೆ ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಹಿಂದೆ. ಕುರ್ಚಿಯಲ್ಲಿ ಕೂತು, ಸುಧಾರಿಸಿಕೊಂಡು, ಕನ್ನಡಕ ಏರಿಸಿ ಸುತ್ತ ನೋಡಿದರು. ಗೋಡೆ ನೋಡಿದರು, ಗಡಿಯಾರ ನೋಡಿದರು, ಕಿಟಕಿಯಿಂದ ಕೆರೆಯ ಎಮ್ಮೆಗಳನ್ನು ಎಣಿಸಿದರು. ಸಾವಿತ್ರಿಯ ಗಲ್ಲ ಹಿಡಿದು, "ಮದ್ವೇಲಿ ಎಂಗಿದ್ಲೋ ಅಂಗೇ ಅವ್ಳೆ ನೋಡು" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. ತುಂಬ ಹೊತ್ತು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಸಾವಿತ್ರಿ, ಇವ್ರು ಯಾರವ್ವ, ನಿಮ್ಮಪ್ಪಾರಾ?" ಅಂದರು.

"ನಾನು ಅತ್ತೆ, ರಾಮು" ಅಂದೆ. ಅತ್ತೆ ನಂಬಲಿಲ್ಲ. ಬಾಗಿಲಲ್ಲಿ ನಿಂತಿದ್ದ ಜವರಣ್ಣನ ಕಡೆ ನೋಡಿದರು. ಅವರು, "ಇವ್ರೇ ಕಣಕ್ಕ ಮೇಷ್ಟ್ರು. ನಾ ನೋಡ್ದಾಗ್ಲಿಂದ ಇಂಗೇ ಅವ್ರೆ" ಅಂದರು.

ಸಂಜೆ ಅತ್ತೆ ಕನ್ನಡಕ ಬಿಚ್ಚಿಟ್ಟು ಕಾಫಿ ಕುಡಿಯುತ್ತಿದ್ದಾಗ, ಯಾರೂ ನೋಡುತ್ತಿಲ್ಲ ಅಂತ ಅದನ್ನು ನಾನೇ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಆ ದಪ್ಪ ಗಾಜಿನಲ್ಲಿ ಕೂದಲು, ಮೂಗು, ಬಾಯಿ ಯಾವುದೂ ಸ್ಪಷ್ಟವಾಗಿ ಕಾಣಲಿಲ್ಲ. ಎಲ್ಲ ಕಲಸಿಹೋಗಿ, ಹದಿನೆಂಟು ವರ್ಷದ ಹುಡುಗನ ಹಾಗೆ ನಾನು ಬಹಳ ಲಕ್ಷಣವಾಗಿದ್ದೆ.